ಸ್ಟ್ರೆಚರ್ ಎಂಬ ಒಂದು ಶಬ್ದ

ಮಸ್ಕತ್ತಿನ ರೂವಿ ಬಸ್ ನಿಲ್ದಾಣದಲ್ಲಿ ಖುರುಮ್ ಬಸ್ಸಿಗೆ ಕಾಯುತ್ತಿದ್ದ ಯಶ್ಮಿತಾಳಿಗೆ ಬೆನ್ನ ಹಿಂದೆ ಊರ ಕನ್ನಡ ಕೇಳಿಸಿ ಕಿವಿ ನೆಟ್ಟಗಾಯಿತು. ತರುಣನೊಬ್ಬ ತನ್ನ ರೂಮಿನ ಹಿರಿಯರೊಬ್ಬರ ಜೊತೆ ಮಾತಾಡುತ್ತಿದ್ದ.

“ದೂಮಣ್ಣ, ಆ ಆ್ಯಪ್ ಡಿಲೀಟ್ ಮಾಡಿದೆ.”

“ಬಾಕ್ಸಿಂಗಲ್ಲಿ ಯಾರು ಗೆಲ್ತಾರೆ ಅಂತ ಬಾಜಿ ಕಟ್ಟುವುದಾ?”

“ಗೆಲ್ಲುವುದಲ್ಲ, ಕಾಮೆಂಟರಿಯವರು ಯಾವ ಶಬ್ದ ಹೇಳ್ತಾರೆ ಅಂತ. ಅವತ್ತು ನಾನು ‘ಸ್ಟ್ರೆಚರ್’ ಅಂತ ಕಟ್ಟಿದ್ದೆ.”

“ರಿಂಗಲ್ಲಿ ಆ ಹುಡುಗ ಬಿದ್ದಾಗ ನೀನು ‘ಹೇಳು, ಹೇಳು’ ಅಂತ ಬೊಬ್ಬೆ ಹಾಕಿದ್ದು ಅದಕ್ಕಾ?”

“ಹೌದು. ಅಷ್ಟರಲ್ಲಿ ನೀವು ಟಿವಿ ಸೌಂಡ್ ಬಂದ್ ಮಾಡಿದ್ರಿ. ಆಗಲೇ ನಾನು ಅವನ ಮುಖ ನೋಡಿದ್ದು. ನನ್ನ ತಮ್ಮನ ಪ್ರಾಯ. ಅವನು ಏಳಲಪ್ಪಾ ಅಂತ ದೇವರಿಗೆ ಕೈಮುಗಿದೆ.”

“ಎದ್ದನಲ್ಲ ಮಾರಾಯ!”

“ಎದ್ದ. ಬಾಜಿ ಸೋತೆ, ಆದ್ರೆ ಅಷ್ಟು ಖುಷಿ ಎಂದೂ ಆಗಿರ್ಲಿಲ್ಲ. ನಿಮ್ಮ ಉಪಕಾರ ಮರೆಯುವುದಿಲ್ಲ.”

ಹಿರಿಯರು ಕೈಯಲ್ಲಿದ್ದ ಚೀಲ ಕೆಳಗಿಟ್ಟರು.

“ನಿಜ ಹೇಳ್ತೇನೆ. ಆ ಗದ್ದಲದಲ್ಲಿ ಹೆಂಡತಿ ಫೋನಲ್ಲಿ ಹೇಳುವುದು ಕೇಳ್ತಿರ್ಲಿಲ್ಲ, ಅದಕ್ಕೆ ಬಂದ್ ಮಾಡಿದ್ದು.”

“ಹಾಗಾದ್ರೆ ಅಕ್ಕನಿಗೂ ಥ್ಯಾಂಕ್ಸ್ ಹೇಳಿ.”

“ಯಲ್ಲಾ, ಹೊರಡುವ, ನಮ್ಮ ಬಸ್ ಬಂತು.”

ತರುಣ ನಗುತ್ತ ಅವರ ಚೀಲ ಎತ್ತಿಕೊಂಡ. ಮೊದಲು ಅವರನ್ನು ಹತ್ತಿಸಿ, ಆಮೇಲೆ ತಾನೂ ಹತ್ತಿದ.