ಅಪ್ಪ ನೋಡಿದ ನೆರಳು

ಜೈಪುರದ ಜಂತರ್ ಮಂತರ್‌ನಲ್ಲಿ ದೊಡ್ಡ ನೆರಳುಗಡಿಯಾರದ ಕೆಳಗೆ ಕೂತಿದ್ದೆ. ಕಲ್ಲಿನ ಮೇಲಿನ ಈ ಹೊತ್ತು ನಮ್ಮ ವಾಚಿಗಿಂತ ಅರ್ಧ ಗಂಟೆ ಹಿಂದೆ ಅಂತ ಹೇಳಿ ಗೈಡ್ ಮುಂದೆ ಹೋದ. ತಲೆ ನರೆತ ಅಕ್ಕ ತಮ್ಮ ಇಬ್ಬರು ಮಾತ್ರ ಅಲ್ಲೇ ನಿಂತರು.

“ಭಂವರ್, ನಾನು ಹುಟ್ಟಿದಾಗ ಅಪ್ಪ ಇಲ್ಲೇ ಕಾವಲಿಗಿದ್ರಲ್ಲ?”

“ಹೂಂ ಜೀಜಿ. ಗೋಡೆಯಾಚೆ ನಮ್ಮನೇಲಿ ನಿನ್ನ ಅಳು ಕೇಳಿದ ತಕ್ಷಣ ಈ ನೆರಳು ನೋಡಿ ಹೊತ್ತು ಬರ್ಕೊಂಡ್ರಂತೆ. ವಾಚೆಲ್ಲಿತ್ತು ಅವರ ಹತ್ರ?”

“ಪಂಡಿತರು ಅದನ್ನ ವಾಚಿನ ಹೊತ್ತು ಅಂದ್ಕೊಂಡು, ಸೂರ್ಯನ ಹೊತ್ತಿಗೆ ತರೋಕೆ ಅಂತ ಮತ್ತೆ ಅರ್ಧ ಗಂಟೆ ಕಳೆದ್ರು. ಜಾತಕದಲ್ಲೇ ಬರೆದಿದ್ದಾರೆ.”

“ಅಯ್ಯೋ! ಹಾಗಾದ್ರೆ ನಿಂಗೆ ಕುಜದೋಷ...”

“ಇರ್ಲೇ ಇಲ್ಲ ಅನ್ಸುತ್ತೆ. ನಾಲ್ಕು ಗಂಡುಗಳು ಸುಮ್ಮನೆ ಎದ್ದು ಹೋದ್ರು.”

“ಬಿಡು ಜೀಜಿ.”

“ಅದು ಹೋಗ್ಲಿ. ಹುಟ್ಟಿದ ಹೊತ್ತನ್ನ ಅರ್ಧ ಗಂಟೆ ಮುಂದೆ ಅಂತ ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಂತ ಅಪ್ಪನ್ನ ಸಾಯೋವರೆಗೂ ಬೈದೆ ಕಣೋ.”

ಆಕೆ ಕೈಗಡಿಯಾರದ ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದಳು.

“ಬಸ್ಸು ತಪ್ಪುತ್ತೆ ಜೀಜಿ!”

“ತಪ್ಪಲಿ. ಇವತ್ತೊಂದಿನ ಅಪ್ಪ ಹೇಳಿದ ಹೊತ್ತಿಗೇ ನಡೀತೀನಿ.”

ತಮ್ಮನ ತೋಳು ಹಿಡಿದು, ಅವಸರವಿಲ್ಲದೆ, ಬಾಗಿಲ ಕಡೆ ಹೊರಟಳು.