ಪುಷ್ಪಾ ನಂಬರಿಂದ ಬಂದ ಮೆಸೇಜು

ಇನ್ನೆರಡು ಸೌದೆ ತಳ್ಳಿ ಕೂತ್ಕೊಳ್ರಪ್ಪ. ಹೊಗೆಸೊಪ್ಪು ಬೇಯೋ ತನಕ ಈ ಬ್ಯಾರನ್ ಒಲೆ ಬಿಟ್ಟು ಏಳಂಗಿಲ್ಲ. ನಿದ್ದೆ ಬರದಂಗೆ ಒಂದು ಹೇಳ್ತೀನಿ. ಕಟ್ಟಿದ್ದಲ್ಲ ಇದು. ನಮ್ಮ ದೊಡ್ಡಪ್ಪನ ಮಗ ರೇಣುಕಾಪ್ರಸಾದಂಗೆ ಆಗಿದ್ದು. ಅವನನ್ನ ಅಣ್ಣ ಅನ್ನೋಕೂ ಈಗ ಬಾಯಿ ಬರಲ್ಲ, ಬುಡಿ.

ಬೆಟ್ಟದಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಪಹಣಿ ತೆಗೆಯೋದು, ಜೆರಾಕ್ಸು, ಆನ್‌ಲೈನ್ ಅರ್ಜಿ. ಅವತ್ತು ರಾತ್ರಿ ಬಾಗಿಲು ಎಳೆದು ಊರಿಗೆ ನಡ್ಕೊಂಡು ಬತ್ತಾವ್ನೆ. ದಾರೀಲಿ ಹಳೇ ಬಾವಿ. ಅವನ ಹೆಂಡ್ತಿ ಪುಷ್ಪಾ ಸತ್ತಿದ್ದು ಅದ್ರಲ್ಲೇ... ಇನ್ನೂ ತಿಂಗಳು ತುಂಬಿರ್ಲಿಲ್ಲ. ಕಾಲು ಜಾರಿ ಬಿದ್ಲು ಅಂತ ಇವನೇ ಎಲ್ಲರಿಗೂ ಹೇಳಿದ್ದ.

ಬಾವಿ ದಾಟ್ತಿದ್ದಂಗೆ ಜೇಬಲ್ಲಿ "ಟಿಣ್" ಅಂತು.

ನೋಡ್ತಾನೆ... ಪುಷ್ಪಾ ನಂಬರು.

"ನೀನು ಬರಬೇಡ. ಎಲ್ಲ ಸರಿಹೋಯ್ತು."

ಅವಳ ಫೋನು ಅವಳ ಜೊತೇಲೇ ಬಾವಿಗೆ ಹೋಗಿತ್ತು. ಮೋಟ್ರು ಇಟ್ಟು ನೀರು ಎತ್ತಿಸಿದ್ರೂ ಸಿಕ್ಕಿರ್ಲಿಲ್ಲ.

ಓಡಿ ಬಂದು ನಮ್ಮನೆ ಬಾಗಿಲು ತಟ್ಟಿದ. ದಬದಬ ಅಂತ ಅಲ್ಲ... ಉಗುರಲ್ಲಿ ಕೆರೆದಂಗೆ, ಪರ ಪರ ಪರ.

"ಅಂಗಡಿ ತಂಕ ಬಾರೋ," ಅಂದ, ಪಿಸುಮಾತಲ್ಲಿ.

"ಈಗ ಯಾಕಣ್ಣ?"

"ಅವಳ ಫೋನು... ನನ್ನ ಕಂಪ್ಯೂಟರಿಗೆ ಜೋಡಿಸಿದ್ದೆ ಕಣೋ."

ದಾರೀಲಿ ಬಾಯಿಬಿಟ್ಟ. ಪುಷ್ಪಾ ಊಟ ತಂದಿದ್ದಾಗ, ಚಾರ್ಜಿಗೆ ಹಾಕ್ತೀನಿ ಕೊಡು ಅಂತ ಫೋನ್ ಇಸ್ಕೊಂಡು, ಕಂಪ್ಯೂಟರ್ ಪರದೆ ಮೇಲಿನ ಕೋಡನ್ನ ಅದ್ರಲ್ಲಿ ಸ್ಕ್ಯಾನ್ ಮಾಡ್ಬಿಟ್ಟಿದ್ದ. ಒಂದು ಸಲ ಅಂಗೆ ಮಾಡಿದ್ರೆ ಸಾಕಂತೆ. ಅವಳಿಗೆ ಬಂದ ಮೆಸೇಜು, ಅವಳು ಕಳ್ಸಿದ್ದು, ಎಲ್ಲಾ ಬ್ರೌಸರಲ್ಲಿ ಕಾಣ್ತದೆ. ಇಲ್ಲಿ ಟೈಪ್ ಮಾಡಿದ್ರೆ ಅವಳ ನಂಬರಿಂದಲೇ ಹೋಯ್ತದೆ.

ಪುಷ್ಪಾ ಕೆ.ಆರ್. ನಗರದಲ್ಲಿರೋ ಅವಳಕ್ಕ ಮಂಗಳಗೌರಿಗೆ ಬರೆದಿದ್ಲಂತೆ, "ಅಕ್ಕ, ದಿನಾ ಹೊಡೀತಾರೆ. ಕರ್ಕೊಂಡೋಗು."

"ನಾಳೆ ಬತ್ತೀನಿ, ಬಟ್ಟೆ ಕಟ್ಟಿಟ್ಕೊ," ಅಂತ ಅಕ್ಕ.

ಆಗ ಇವನು ಅಂಗಡೀಲಿ ಕೂತು, ಪುಷ್ಪಾ ಬರೆದಂಗೆ ಹಾಕ್ದ, "ನೀನು ಬರಬೇಡ. ಎಲ್ಲ ಸರಿಹೋಯ್ತು." ಹಾಕಿ, ಪುಷ್ಪಾಗೆ ಕಾಣದಂಗೆ ಇತ್ತಕಡೆಯಿಂದ ಅಳಿಸಿಬಿಟ್ಟ. ಅಕ್ಕ ಬರಲಿಲ್ಲ. ಪುಷ್ಪಾ ಚೀಲ ಹಿಡ್ಕೊಂಡು ಹಗಲೆಲ್ಲ ಬಸ್ ಸ್ಟ್ಯಾಂಡಲ್ಲಿ ಕಾದ್ಲು. ಅವತ್ತು ರಾತ್ರೀನೇ ಬಾವಿ.

ಅಂಗಡಿ ಷಟರ್ ಎತ್ತಿದ್ವಿ. ಕಂಪ್ಯೂಟರ್ ಪರದೆ ಉರೀತಿತ್ತು. ಸ್ಪೀಕರಿಂದ ಒಂದು ಸದ್ದು... ಕೊಡ ನೀರಲ್ಲಿ ಮುಳುಗುವಾಗ ಬರೋ ಸದ್ದು. ಬುಳ ಬುಳ... ಬುಳ... ಆಮೇಲೆ ನಿಂತೋಯ್ತು.

ಪರದೇಲಿ ಅಕ್ಕನಿಗೆ ಮೆಸೇಜ್ ಹೋಗ್ತಿತ್ತು. ಯಾರೂ ಕೀ ಮುಟ್ಟಿರ್ಲಿಲ್ಲ.

"ಅಕ್ಕ, ಅದು ನಾನು ಬರೆದಿದ್ದಲ್ಲ."

ಇವನು ಮೌಸ್ ಹಿಡಿದು ಅಳಿಸ್ದ. ಮತ್ತೆ ಬಂತು. ಫೋನ್ ಸಂಪರ್ಕ ಕಿತ್ತಾಕೋ ಬಟನ್ ಒತ್ತಿದ. ಪುಟ ಮುಚ್ಚಿತು... ತಾನೇ ತೆರೀತು.

"ಚೀಲ ಹಿಡ್ಕೊಂಡು ಕಾದೆ."

"ಅವರೇ ತಳ್ಳಿದ್ರು."

ನಾನು ಅವನ ಮುಖ ನೋಡ್ದೆ. "ತಳ್ಳಿದ್ಯಾ?" ಅಂದೆ ಮೆತ್ತಗೆ. ಅವನು ಆ ಪುಟದಲ್ಲೇ ಟೈಪ್ ಮಾಡ್ದ, "ತಪ್ಪಾಯ್ತು, ಬುಟ್ಬುಡು ಪುಷ್ಪಾ."

ಅವನ ಜೇಬಲ್ಲಿ "ಟಿಣ್".

"ಈಗ ನಿನ್ನದನ್ನ ನಾನು ಓದ್ತಾ ಇವ್ನಿ."

ಬದುಕಿದ್ದಾಗ ಒಂದಿನವೂ ಅವನನ್ನ ನೀನು ಅಂದೋಳಲ್ಲ ಅವಳು. ಇವನು ಫೋನ್ ಗೋಡೆಗೆ ಬೀಸಾಕಿ ಕಿವಿ ಮುಚ್ಕೊಂಡು ಮೂಲೇಲಿ ಕುಕ್ಕರಿಸಿದ. ನಾನು ಪ್ಲಗ್ ಕಿತ್ತೆ. ಆ ಮೂಲೆಯಿಂದ ಅವನನ್ನ ಎಬ್ಬಿಸೋಕೆ ಆಗಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಮಂಗಳಗೌರಿ ಬಂದ್ಲು, ಫೋನ್ ಕೈಯಲ್ಲೇ ಹಿಡ್ಕೊಂಡು. ಅಷ್ಟೂ ಮೆಸೇಜು ಅವಳಿಗೆ ಮುಟ್ಟಿದ್ವು. ಅವಳು ಕರೆಸಿದ ಪೊಲೀಸ್ನೋರು ಕೇಳೋಕೆ ಮುಂಚೇನೇ ಇವನು ಎಲ್ಲಾ ಒಪ್ಕೊಂಡ. ಈಗ ಒಳಗವ್ನೆ. ಅಲ್ಲಿ ಯಾರ ಫೋನ್ ಸದ್ದಾದ್ರೂ ಚೀರ್ತಾನಂತೆ. ಚೀರ್ಲಿ.

ಅವನನ್ನೂ ಕಂಪ್ಯೂಟರನ್ನೂ ಜೀಪಿಗೆ ಹಾಕಿದ್ ಮೇಲೆ ಮಂಗಳಗೌರಿ ಬಾವಿ ಹತ್ರ ಹೋಗಿ ನಿಂತ್ಲು. ನಾನೂ ಪಕ್ಕದಲ್ಲೇ ಇದ್ದೆ. ಆ ನಂಬರಿಗೆ ಒಂದು ಸಾಲು ಬರೆದ್ಲು, "ಬಂದಿದೀನಿ ಕಣೆ."

ನೀವು ನಂಬಿ, ಬುಡಿ... ನನ್ನ ಈ ಎರಡು ಕಣ್ಣಲ್ಲಿ ಕಂಡಿದ್ದು ಹೇಳ್ತೀನಿ. ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬಿತ್ತು, "ಓದಲಾಗಿದೆ" ಅಂತ.