ಎರಡನೆಯ ಸೊಸೆಗೆ ಹಿಡಿದ ದೆವ್ವ

ದೆವ್ವ ಇದೆಯೋ ಇಲ್ಲವೋ ಎಂದು ಕೇಳುತ್ತೀರಲ್ಲ, ಈ ಕಥೆ ಕೇಳಿ ನೀವೇ ಹೇಳಿ. ಒಂದು ಊರಿನಲ್ಲಿ ಹತ್ತಿ ಗಿರಣಿಯ ಧಣಿಯೊಬ್ಬನಿದ್ದ. ಅರಮನೆಯಂಥ ದೊಡ್ಡ ವಾಡೆ, ಒಬ್ಬನೇ ಮಗ. ಮಗನ ಮೊದಲ ಹೆಂಡತಿ ಒಣಗಿ ಒಣಗಿ ಸತ್ತಳು. ಯಾಕೆ ಸತ್ತಳು? ಯಾರೂ ಕೇಳಲಿಲ್ಲ. ವರ್ಷ ತುಂಬುವುದರೊಳಗೆ ಮಹಾನಂದಾ ಎಂಬ ಹತ್ತೊಂಬತ್ತರ ಹುಡುಗಿಯನ್ನು ಎರಡನೆಯ ಸೊಸೆಯಾಗಿ ತಂದರು.

ಮನೆ ಹೊಕ್ಕ ದಿನವೇ ಅತ್ತೆ ಅವಳ ಕೊರಳಿಗೆ ಬೆಳ್ಳಿಯ ತಗಡೊಂದನ್ನು ಕಟ್ಟಿದಳು. ತಗಡಿನ ಮೇಲೆ ಹೆಣ್ಣಿನ ಮುಖ. ಸತ್ತವಳ ಮುಖ. ಅವಳು ನಿನ್ನ ತಂಟೆಗೆ ಬಾರದಿರಲಿ ಎಂದಳು. ವಾಡೆಯ ಹಿಂಬದಿಯಲ್ಲಿ ಬೀಗ ಹಾಕಿದ, ಸತ್ತವಳ ಕೋಣೆ. ದಿನಾ ದೀಪ ಹಚ್ಚುವ ಹೊತ್ತಿಗೆ ಅತ್ತೆ ಅದರ ಬಾಗಿಲ ಮುಂದೆ ಒಂದು ತಟ್ಟೆ ಅನ್ನ ಇಡುವಳು. ಬೆಳಗಾದರೆ ತಟ್ಟೆ ಖಾಲಿ. ಬೆಕ್ಕು ತಿಂದಿರಬಹುದು ಎನ್ನುತ್ತೀರಿ. ನೋಡಿ, ಹತ್ತೊಂಬತ್ತರ ಹುಡುಗಿಗೆ ಹಾಗೆ ಅನಿಸುತ್ತದೆಯೇ? ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಬೆನ್ನ ಹಿಂದೆ ಬಳೆ ಅಲುಗಿದ ಸದ್ದು. ತಿರುಗಿದರೆ ಯಾರೂ ಇಲ್ಲ.

ಊರಿನ ಆಶಾ ಕಾರ್ಯಕರ್ತೆ ಒಮ್ಮೆ ಅವಳ ಕೈಗೆ ನಿರೋಧ್ ಪೊಟ್ಟಣ ಕೊಟ್ಟು ಗಂಡನಿಗೆ ಹೇಳು ಎಂದಿದ್ದಳು. ಗಂಡ ಅದನ್ನು ಒಲೆಗೆ ಎಸೆದು, ಇದನ್ನೆಲ್ಲ ಯಾರ ಹತ್ತಿರ ಕಲಿತೆ ಎಂದು ಕೇಳಿದ. ಅಂದಿನಿಂದ ಮಹಾನಂದಾ ಬೇಡ ಎನ್ನುವ ಮಾತನ್ನೇ ನುಂಗಿದಳು.

ನಾಲ್ಕನೆಯ ವರ್ಷ ಜ್ವರ ಹಿಡಿಯಿತು. ಭೇದಿ, ಬಾಯಿ ತುಂಬ ಬಿಳಿ ಹುಣ್ಣು. ಸತ್ತವಳಿಗೆ ಆದದ್ದೇ ಇವಳಿಗೂ ಆಗುತ್ತಿದೆ ಎಂದು ಓಣಿಯೆಲ್ಲ ಪಿಸುಗುಟ್ಟಿತು. ಗಂಡನೂ ಸೊರಗುತ್ತಿದ್ದ. ಅವನದು ಗಿರಣಿಯ ದಣಿವಂತೆ, ಇವಳದು ದೆವ್ವವಂತೆ! ದೆವ್ವ ಬಿಡಿಸುವವನನ್ನು ಕರೆಸಿ ಬೇವಿನ ಟೊಂಗೆಯಿಂದ ಹೊಡೆಸಿದರು.

ಒಂದು ಮಧ್ಯಾಹ್ನ ಮನೆಯವರೆಲ್ಲ ನೆಂಟರ ಮದುವೆಗೆ ಹೋಗಿದ್ದರು. ಮಹಾನಂದಾ ಅತ್ತೆಯ ದಿಂಬಿನಡಿಯ ಕೀಲಿ ತೆಗೆದುಕೊಂಡು, ಗೋಡೆ ಹಿಡಿದುಕೊಂಡು ಹೋಗಿ ಆ ಕೋಣೆಯ ಬೀಗ ತೆಗೆದಳು. ಸತ್ತವಳನ್ನೇ ಕೇಳಿಬಿಡಬೇಕು ಎನಿಸಿತ್ತು. "ಅಕ್ಕಾ, ನಾ ನಿನಗೇನ್ ಮಾಡೇನಿ?" ಎಂದಳು. ಒಳಗೆ ಕಂಡದ್ದು ಇಷ್ಟೇ: ಗೋಡೆಗೆ ಮುಖ ಮಾಡಿಟ್ಟ ಕನ್ನಡಿ, ಒಂದು ಸೀರೆ, ಒಂದು ಟ್ರಂಕು. ಟ್ರಂಕಿನಲ್ಲಿ ಸೀಲು ಒಡೆಯದ ಗುಳಿಗೆ ಡಬ್ಬಿಗಳು, ಆಸ್ಪತ್ರೆಯ ಕಾಗದ. ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು ಬೆರಳಿಟ್ಟು ಓದಿದಳು. ಹೆಸರು ಗಂಡನದು. ಎಚ್‌ಐವಿ ಇದೆ, ಹೆಂಡತಿಯನ್ನೂ ಪರೀಕ್ಷೆಗೆ ಕರೆತನ್ನಿ ಎಂದು ಬರೆದಿತ್ತು. ತಾರೀಖು ತನ್ನ ಮದುವೆಗಿಂತ ಎರಡು ವರ್ಷ ಹಿಂದಿನದು. ಮದ್ದು ಮನೆಯಲ್ಲೇ ಇತ್ತು. ಮರ್ಯಾದೆ ಹೋಗುತ್ತದೆಂದು ಗಂಡ ಅದನ್ನು ಮುಟ್ಟಲಿಲ್ಲ, ಇಬ್ಬರು ಹೆಂಡಿರಿಗೂ ಹೇಳಲಿಲ್ಲ.

ಸಂಜೆ ಅತ್ತೆ ಮರಳಿದಾಗ ಕಾಗದವನ್ನು ಅವಳ ಮುಂದಿಟ್ಟಳು. ಅತ್ತೆಯ ದನಿ ಏರಲಿಲ್ಲ. "ಗೊತ್ತಿತ್ತು. ಗಂಡಸು ಒಬ್ಬನ ಇರಬಾರದಂತ ನಿನ್ನ ತಂದ್ವಿ. ನಿಮ್ಮಪ್ಪನೂ ಒಂದ್ ಮಾತು ಕೇಳಲಿಲ್ಲ," ಎಂದಳು.

ಈಗ ಹೇಳಿ, ಆ ಮನೆಯಲ್ಲಿ ದೆವ್ವ ಯಾರು?

ಮರುದಿನವೇ ಮಹಾನಂದಾ ತಾಲ್ಲೂಕು ಆಸ್ಪತ್ರೆಗೆ ಹೋದಳು. ರಕ್ತ ಪರೀಕ್ಷೆ ಮಾಡಿಸಿದಳು, ಅವಳಿಗೂ ಎಚ್‌ಐವಿ ಇತ್ತು, ಗುಳಿಗೆ ಶುರು ಮಾಡಿದಳು. ದೆವ್ವ ಹಿಡಿದವಳೆಂದು ವಾಡೆಯವರು ತವರಿಗೆ ಅಟ್ಟಿದರು. ವರ್ಷದೊಳಗೆ ಮೈ ತುಂಬಿಕೊಂಡಿತು. ಅಷ್ಟರಲ್ಲಿ ಸುದ್ದಿ ಬಂತು, ಪಕ್ಕದ ಊರಿನಲ್ಲಿ ಧಣಿಯ ಮಗನಿಗೆ ಮೂರನೆಯ ಹುಡುಗಿಯ ನಿಶ್ಚಯವಂತೆ.

ನಿಶ್ಚಯದ ದಿನ ಅವಳು ಬಸ್ಸು ಹತ್ತಿ ಹೋಗಿ ಆ ಹುಡುಗಿಯ ಮನೆಯ ಬಾಗಿಲಲ್ಲಿ ನಿಂತಳು. ಧಣಿ ಒಳಗೆ ಬೀಗರ ನಡುವೆ ಕೂತಿದ್ದ. ಅವಳ ಗುರುತು ಹಿಡಿದ ನೆಂಟರೆಲ್ಲ ಸರಿದು ಗೋಡೆಗೆ ಒರಗಿದರು. ಒಬ್ಬಾಕೆ ಮಗುವಿನ ಕಣ್ಣು ಮುಚ್ಚಿದಳು. ಏಕೆಂದರೆ ಎರಡನೆಯ ಸೊಸೆಯೂ ಸತ್ತಳೆಂದು ವಾಡೆಯವರು ಹೇಳಿದ್ದರು! ಮಹಾನಂದಾ ಆ ಹುಡುಗಿಯನ್ನಷ್ಟೇ ನೋಡಿದಳು. "ನಾ ಸತ್ತಿಲ್ಲವ್ವ. ನನಗ ಎಚ್‌ಐವಿ ಐತಿ. ಲಗ್ನ ಆದಮ್ಯಾಲ ಬಂದದ್ದು. ಬ್ಯಾರೆಯವರದು ನಾ ಹೇಳೂದಿಲ್ಲ, ನೀನ ಕೇಳು."

ಹುಡುಗಿ ತಲೆಯೆತ್ತಿ, ವರನ ರಕ್ತಪರೀಕ್ಷೆಯ ಕಾಗದ ತೋರಿಸಿ ಎಂದಳು. ಅಪ್ಪ ಗದರಿದ. ಧಣಿ ನಕ್ಕ. ಹುಡುಗಿಯ ತಾಯಿ ಮಾತ್ರ ಎದ್ದು, ಗಂಡಿನವರು ತಂದ ಸೀರೆಯ ತಟ್ಟೆಯನ್ನು ಮರಳಿ ಅವರ ಮುಂದೆಯೇ ಇಟ್ಟು ಒಳಗೆ ಹೋದಳು. ಆರು ತಿಂಗಳ ಮೇಲೆ ಧಣಿಯ ಮಗನೂ ಆಸ್ಪತ್ರೆಯ ಸಾಲಿಗೆ ಬಂದು ನಿಂತ. ಗುಳಿಗೆ ಒಯ್ಯಲು ಬಂದಿದ್ದ ಮಹಾನಂದಾ ಅಲ್ಲಿಯೇ ಇದ್ದಳು. ಚೀಟಿ ಮಾಡಿಸುವ ಕಿಟಕಿಯ ಕಡೆಗೆ ಕೈ ತೋರಿಸಿದಳು.

ಧಣಿಯನ್ನು ಬಯ್ದುಕೊಂಡು ಮನೆಗೆ ಹೋಗಬೇಡಿ. ಮಗಳಿಗೆ ಗಂಡು ನೋಡುವಾಗ ಜಾತಕ ಕೇಳುತ್ತೀರಿ, ರಕ್ತದ ಕಾಗದ ಕೇಳಿದ್ದೀರಾ? ಹೆಂಡತಿ ಬೇಡ ಎಂದಾಗ ಅವಳ ಮಾತು ಕೇಳಿದ್ದೀರಾ? ನಿರೋಧ್ ಎಂದವಳ ನಡತೆಯನ್ನು ಅನುಮಾನಿಸಿಲ್ಲವೇ? ಈ ರೋಗ ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಹೆಣ್ಣಿನ ಬಾಯಿ ಮುಚ್ಚಿಸಿದ ಮನೆಯಲ್ಲಿ ಹರಡಲು ಅದಕ್ಕೆ ಸಲೀಸು. ಇನ್ನು ಮೇಲೆ ಅವಳು ಕೇಳಲಿ, ನೀವು ಉತ್ತರ ಕೊಡಿ. ನಾಳೆ ಸೋಮವಾರ, ಆಸ್ಪತ್ರೆ ತೆರೆದಿರುತ್ತದೆ. ಹೆಂಡತಿಯನ್ನು ಮುಂದೆ ಕಳಿಸಬೇಡಿ. ಮೊದಲು ನಿಮ್ಮ ತೋಳು ಚಾಚಿ.